ನಿಧಾನಕ್ಕೆ ಓಡುವ ಮಿಷನ್ನು

ನಮ್ಮ ರೂಮಿನಲ್ಲಿ ನಾಲ್ಕು ಜನ. ಒಬ್ಬ ಬೆಟ್ಟದಪುರದವನು, ಹಾಸ್ಟೆಲ್ ಸೇರಿದ ಮೊದಲ ವಾರದಲ್ಲೇ ಅವನ ಹೆಸರು 'ಬೆಟ್ಟ' ಆಗಿಹೋಯ್ತು. ಉಳಿದ ಮೂವರು ನಾವು: ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಸಿವಿಲ್. ಈ ಲೇಖನ ಮೂವರೂ ಸೇರಿ ಬರೆದದ್ದು. ಬೆಟ್ಟನನ್ನೂ ಕೇಳಿದ್ವಿ. 'ಚಿತ್ರ ಬೇಕಾದ್ರೆ ಕೊಡ್ತೀನಿ, ಬರವಣಿಗೆ ನಿಮ್ದೇ' ಅಂದ.

ಬೆಟ್ಟ ಕಂಪ್ಯೂಟರ್ ಸೈನ್ಸ್. ಅವನ ನೋಟ್‌ಬುಕ್ಕುಗಳ ಅಂಚಿನಲ್ಲೆಲ್ಲ ಚುಕ್ಕಿ. ಗೆರೆ ಇಲ್ಲ, ಪೆನ್ಸಿಲ್ ಉಜ್ಜಿ ಮಾಡಿದ ನೆರಳಿಲ್ಲ. ಚುಕ್ಕಿ ಒತ್ತಾಗಿ ಬಿದ್ದ ಕಡೆ ಕತ್ತಲು, ಬಿಡಿಬಿಡಿಯಾಗಿ ಬಿದ್ದ ಕಡೆ ಬೆಳಕು. ಹಳೇ ನ್ಯೂಸ್‌ಪೇಪರಿನ ಫೋಟೋವನ್ನ ಭೂತಗನ್ನಡಿಯಲ್ಲಿ ನೋಡಿದರೆ ಕಾಣುತ್ತದಲ್ಲ, ಹಾಗೆ. ಅವರೂರಿನ ಬೆಟ್ಟ, ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ, ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಇಷ್ಟನ್ನೂ ಒಂದು ಇಂಟರ್ನಲ್ಸ್ ಹಿಂದಿನ ರಾತ್ರಿ ಬರೀ ಚುಕ್ಕಿಯಲ್ಲಿ ಬರೆದಿದ್ದ. ಇಂಟರ್ನಲ್ಸ್ ಏನಾಯ್ತು ಅಂತ ಕೇಳಬೇಡಿ.

ಆ ಚಿತ್ರ ನೋಡಿ ಮೈಸೂರಿನ ಒಂದು ಟ್ಯಾಟೂ ಸ್ಟುಡಿಯೋದ ಅಣ್ಣ ಅವನಿಗೆ ಭಾನುವಾರದ ಕೆಲಸ ಕಲಿಸೋಕೆ ಒಪ್ಪಿದರು. ಈ ಥರದ ಕೆಲಸಕ್ಕೆ ಅವರ ಭಾಷೆಯಲ್ಲಿ 'ಡಾಟ್‌ವರ್ಕ್' ಅಂತ ಹೆಸರು. ಒಂದೇ ಷರತ್ತು: ಮಿಷನ್ ನಿನ್ನದೇ ತರಬೇಕು. ಬೆಟ್ಟನ ಹತ್ತಿರ ಒಂಬತ್ತು ಸಾವಿರ ಇತ್ತು. ಆ ವರ್ಷ ಅವರಪ್ಪನ ಹೊಗೆಸೊಪ್ಪಿಗೆ ಒಳ್ಳೇ ರೇಟು ಬಂದಿರಲಿಲ್ಲ, ಮನೆಯಲ್ಲಿ ಕೇಳೋ ಹಾಗಿರಲಿಲ್ಲ. ಗೋಕರ್ಣಕ್ಕೆ ಹೋಗಲು ಎತ್ತಿಟ್ಟಿದ್ದ ಐದು ಸಾವಿರ ನಾವು ಸೇರಿಸಿದ್ವಿ. ಒಟ್ಟು ಹದಿನಾಲ್ಕು. ಇಂಜಿನಿಯರಿಂಗ್ ಓದುವ ಮೂವರು ಇದ್ದೇವೆ, ಒಂದು ಮಿಷನ್ ಆರಿಸೋದು ಏನು ಮಹಾ ಅಂದುಕೊಂಡಿದ್ದೆವು.

ಮೊದಲು ಆನ್‌ಲೈನಿನಲ್ಲಿ 2,600 ರೂಪಾಯಿಯ ಪೆನ್ ಮಿಷನ್ ತರಿಸಿದೆವು. ಕಂಪನಿ ಹೆಸರು ಹೇಳಲ್ಲ, ಡಬ್ಬದ ಮೇಲೂ ಸರಿಯಾಗಿ ಇರಲಿಲ್ಲ. 'ಹೈ ಟಾರ್ಕ್' ಅಂತ ಮಾತ್ರ ದಪ್ಪಕ್ಷರದಲ್ಲಿತ್ತು. ಬಾಳೆಹಣ್ಣಿನ ಸಿಪ್ಪೆ ಮೇಲೆ ಚೆನ್ನಾಗೇ ಓಡಿತು. ಸಿಲಿಕಾನಿನ ಪ್ರ್ಯಾಕ್ಟೀಸ್ ಚರ್ಮದ ಮೇಲೆ ಸ್ವಲ್ಪ ಒದ್ದಾಡಿತು. ನಮ್ಮ ಸಿವಿಲ್‌ನವನಿಗೆ ಅವಸರ, ಮೀನಖಂಡ ಮುಂದೆ ಚಾಚಿದ, 'ಹಾಕು ಮಗಾ, ಮೂರು ಚುಕ್ಕಿ ತಾನೆ' ಅಂದ. ಸೂಜಿ ಹೊಸದು, ಕೈಗವಸು ಹಾಕಿದ್ದ, ಚರ್ಮ ಒರೆಸಿದ್ದ; ಅಷ್ಟರಲ್ಲಿ ತಪ್ಪಿರಲಿಲ್ಲ. ವೋಲ್ಟೇಜು ಕಮ್ಮಿ ಮಾಡಿದರೆ ಸೂಜಿ ಚರ್ಮಕ್ಕೆ ತಾಗಿದ ಕೂಡಲೇ ಮೋಟಾರು ನಿಂತುಬಿಡೋದು. ಕೊಂಚ ಜಾಸ್ತಿ ಮಾಡಿದರೆ ಹೊಲಿಗೆ ಮಿಷನ್ ಥರ ದಡದಡ ಅಂತ ಓಡಿ ಮೂರು ಚುಕ್ಕಿಯ ಜಾಗದಲ್ಲಿ ಮೂವತ್ತು ಹಾಕೋದು. ವಾರದ ನಂತರ ಹಕ್ಕಳೆ ಎದ್ದು ಹೋದಾಗ ಉಳಿದದ್ದು ಹೆಸರುಕಾಳಿನಷ್ಟು ದೊಡ್ಡ ಒಂದು ಮಸಿ. ಅದು ಇವತ್ತಿಗೂ ಇದೆ. ಸಾಲದು ಅಂತ ಕಾಲೇಜಿನ ರಕ್ತದಾನ ಶಿಬಿರದಲ್ಲೂ ಅವನನ್ನ ವಾಪಸ್ ಕಳಿಸಿದರು. ಟ್ಯಾಟೂ ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತ ಕೊಡುವ ಹಾಗಿಲ್ಲ.

ಬೈಸಿಕೊಳ್ಳೋದು ಮುಗಿದ ಮೇಲೆ ಲೆಕ್ಕಕ್ಕೆ ಕೂತೆವು. ಮೊದಲೇ ಕೂರಬೇಕಿತ್ತು.

ರೋಟರಿ ಮಿಷನ್ ಅಂದರೆ ಒಳಗೆ ಒಂದು ಡಿಸಿ ಮೋಟಾರು. ಅದರ ಶಾಫ್ಟಿಗೆ ಕೇಂದ್ರ ತಪ್ಪಿಸಿ ಕೂರಿಸಿದ ಒಂದು ಕ್ಯಾಮ್. ಕ್ಯಾಮ್ ಒಂದು ಸುತ್ತು ಬಂದರೆ ಸೂಜಿ ಒಂದು ಸಲ ಕೆಳಗೆ ಹೋಗಿ ಮೇಲೆ ಬರುತ್ತದೆ. ಕೇಂದ್ರದಿಂದ ಎರಡು ಮಿಲಿಮೀಟರ್ ಸರಿದಿದ್ದರೆ ಸ್ಟ್ರೋಕ್ ನಾಲ್ಕು ಮಿಲಿಮೀಟರ್. ಇದು ಹೊಸದೇನಲ್ಲ. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ಎಲೆಕ್ಟ್ರಿಕ್ ಪೆನ್ನಿನಲ್ಲೂ ಇದೇ ಇತ್ತು. ಅದು ಪ್ರತಿ ತೆಗೆಯೋಕೆ ಕಾಗದದಲ್ಲಿ ತೂತು ಮಾಡುವ ಉಪಕರಣ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಅದನ್ನೇ ತಿದ್ದಿ 1891ರಲ್ಲಿ ಟ್ಯಾಟೂ ಮಿಷನ್ ಅಂತ ಪೇಟೆಂಟ್ ಮಾಡಿಸಿದ. ಕಾಲಿಂಗ್ ಬೆಲ್ಲಿನ ಹಾಗೆ ಅಯಸ್ಕಾಂತ, ಸ್ಪ್ರಿಂಗು ಇರುವ ಕಾಯಿಲ್ ಮಿಷನ್ನುಗಳು ಅದಾದ ಮೇಲೆ ಬಂದವು. ಅದರ ಕಥೆ ಬೇರೆ, ಇಲ್ಲಿ ಬೇಡ.

ಬೆಟ್ಟನ ಕೈ ಆರಾಮಾಗಿ ಸಾಗೋದು ಸೆಕೆಂಡಿಗೆ ಸುಮಾರು 20 ಮಿಲಿಮೀಟರ್. ಸೂಜಿ ಸೆಕೆಂಡಿಗೆ 100 ಸಲ ಬಡಿದರೆ ಎರಡು ಚುಕ್ಕಿಗಳ ನಡುವೆ 0.2 ಮಿಲಿಮೀಟರ್. ಒಂದೊಂದು ಸೂಜಿಯೇ 0.35 ಮಿಲಿಮೀಟರ್ ದಪ್ಪ ಇರುವಾಗ ಅದು ಚುಕ್ಕಿಯಲ್ಲ, ಗೆರೆ. ಮಾರುಕಟ್ಟೆಯ ಬಹುತೇಕ ಮಿಷನ್ನುಗಳು ಗೆರೆ ಎಳೆಯೋಕೆ, ಬಣ್ಣ ತುಂಬೋಕೆ ಅಂತಲೇ ಹುಟ್ಟಿದವು. ಸೆಕೆಂಡಿಗೆ 15 ಬಡಿತಕ್ಕೆ ಇಳಿದರೆ ಚುಕ್ಕಿಗಳ ನಡುವೆ 1.3 ಮಿಲಿಮೀಟರ್ ಸಿಗುತ್ತೆ. ನಮಗೆ ಬೇಕಾದದ್ದು ಅದು.

ಸೆಕೆಂಡಿಗೆ 15 ಅಂದರೆ 900 ಆರ್‌ಪಿಎಂ. ಗೇರಿಲ್ಲದ, 12 ವೋಲ್ಟಿನಲ್ಲಿ ಹತ್ತು ಸಾವಿರ ಆರ್‌ಪಿಎಂ ತಿರುಗುವ ಮೋಟಾರನ್ನ 900ಕ್ಕೆ ಇಳಿಸಬೇಕಾದರೆ ಹೆಚ್ಚು ಕಡಿಮೆ 1.1 ವೋಲ್ಟು ಕೊಡಬೇಕು. ಡಿಸಿ ಮೋಟಾರಿನ ಸ್ಟಾಲ್ ಟಾರ್ಕ್ ವೋಲ್ಟೇಜಿನ ಜೊತೆಗೇ ಇಳಿಯುತ್ತೆ ಅಂತ ನಾಲ್ಕನೇ ಸೆಮ್‌ನಲ್ಲಿ ಬಾಯಿಪಾಠ ಹೊಡೆದು ಬರೆದಿದ್ದೆವು, ಮಾರ್ಕ್ಸೂ ಬಂದಿತ್ತು. ವೋಲ್ಟು ಹತ್ತರಲ್ಲೊಂದು ಪಾಲಾದರೆ ಟಾರ್ಕೂ ಹತ್ತರಲ್ಲೊಂದು ಪಾಲು. ಅದರಲ್ಲಿ ಕಾರ್ಟ್ರಿಡ್ಜಿನ ಮೆಂಬ್ರೇನು ತನ್ನ ಪಾಲು ಕಿತ್ತುಕೊಳ್ಳುತ್ತೆ. (ರಕ್ತ, ಇಂಕು ಹಿಂದಕ್ಕೆ ಹರಿದು ಮಿಷನ್ ಒಳಗೆ ಹೋಗದ ಹಾಗೆ ತಡೆಯೋ ರಬ್ಬರ್ ಪೊರೆ ಅದು, ಟಾರ್ಕ್ ತಿನ್ನುತ್ತೆ ಅಂತ ಅದಿಲ್ಲದ ಕಾರ್ಟ್ರಿಡ್ಜ್ ತರೋಕೆ ಹೋಗಬೇಡಿ.) ಉಳಿದ ಶಕ್ತಿಯಲ್ಲಿ ಚರ್ಮ ತೂರಬೇಕು.

ಓಡುತ್ತಿರೋ ಸೂಜಿಯ ವೇಗವೇ ತೂರಿಸಿಬಿಡುತ್ತಲ್ಲ ಅಂತ ನಮ್ಮ ಸಿವಿಲ್‌ನವನು ವಾದ ಹೂಡಿದ. ಸರಿ, ಅದನ್ನೂ ಲೆಕ್ಕ ಹಾಕಿದೆವು. ಮೂರೂವರೆ ಮಿಲಿಮೀಟರ್ ಸ್ಟ್ರೋಕಿನಲ್ಲಿ ಸೆಕೆಂಡಿಗೆ 100 ಬಡಿತ ಇದ್ದರೆ ಸೂಜಿಯ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1,100 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ಸ್ಟ್ರೋಕಿನಲ್ಲಿ 15 ಬಡಿತ ಅಂದರೆ 190ರ ಹತ್ತಿರ. ಚಲನಶಕ್ತಿ ವೇಗದ ವರ್ಗದ ಲೆಕ್ಕ, ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು ಕಮ್ಮಿ. ನಿಧಾನದ ಸೂಜಿಗೆ ವೇಗದ ಸಹಾಯ ಇಲ್ಲ. ಚರ್ಮ ಒಳಕ್ಕೆ ಬಗ್ಗುತ್ತೆ, ಜಾರುತ್ತೆ, ಸೂಜಿ ಸಿಕ್ಕಿಕೊಳ್ಳುತ್ತೆ. ಟ್ರ್ಯಾಕ್ಟರ್ ಕೆಸರಲ್ಲಿ ಫಸ್ಟ್ ಗೇರಲ್ಲಿ ಬರ್ತದಲ್ಲ, ಆ ಥರ ತಳ್ಳೋ ಮೋಟಾರ್ ಬೇಕು ಅಂದ ಬೆಟ್ಟ. ಮೂವರ ಲೆಕ್ಕಕ್ಕಿಂತ ಅವನ ಮಾತೇ ಚೆನ್ನಾಗಿತ್ತು.

ಗೇರ್‌ಬಾಕ್ಸ್ ಹಾಕಬಹುದು, ಆದರೆ ಗೇರಿನ ಹಲ್ಲುಗಳ ನಡುವೆ ಸಣ್ಣ ಆಟ ಇರುತ್ತೆ. ಸೂಜಿಯ ತುದಿಯಲ್ಲಿ ಅದು ಕಾಣುತ್ತೆ. ಬ್ರಷ್‌ಲೆಸ್ ಮೋಟಾರ್ ಹಾಕಿ, ಲೋಡ್ ಬಿದ್ದ ತಕ್ಷಣ ಕರೆಂಟ್ ಏರಿಸಿ ವೇಗ ಕಾಪಾಡುವ ಕ್ಲೋಸ್ಡ್ ಲೂಪ್ ಇರುವ ಪೆನ್ನುಗಳಿವೆ, ಅವುಗಳ ಬೆಲೆ ನೋಡಿ ಟ್ಯಾಬ್ ಮುಚ್ಚಿದೆವು. ಪಿಡಬ್ಲ್ಯೂಎಂ ಪೆಡಲ್ ನಾವೇ ಮಾಡ್ತೀವಿ ಅಂತ ಎಲೆಕ್ಟ್ರಿಕಲ್‌ನವನು ಎರಡು ವಾರ ತೆಗೆದುಕೊಂಡ. ನಿಂತ ಮೋಟಾರನ್ನ ಜಗ್ಗಿ ಹೊರಡಿಸೋಕೆ ಅದು ಸಹಾಯ ಮಾಡಿತು. ಸರಾಸರಿ ವೋಲ್ಟೇಜು ಅಷ್ಟೇ ಇದ್ದಾಗ ಇಲ್ಲದ ಟಾರ್ಕನ್ನ ಎಲ್ಲಿಂದ ತರುತ್ತೆ? ಉಳಿದದ್ದು ದೊಡ್ಡ ಮೋಟಾರಿನ, ಡೈರೆಕ್ಟ್ ಡ್ರೈವ್ ಇರುವ, ಹಳೇ ಮಾದರಿಯ ಭಾರದ ಮಿಷನ್. ಈಗ ಎಲ್ಲರೂ ಬ್ಯಾಟರಿ ಪೆನ್ನಿಗೆ ಹೋಗುತ್ತಿರೋದರಿಂದ ಅವು ಸೆಕೆಂಡ್ ಹ್ಯಾಂಡಿಗೆ ಸಿಗುತ್ತವೆ.

ಒಂದು ಸಿಕ್ಕಿತು, ಹನ್ನೊಂದು ಸಾವಿರಕ್ಕೆ. ತಗೊಳ್ಳೋ ಮುಂಚೆ ಪರೀಕ್ಷೆ ಮಾಡಬೇಕಿತ್ತು, ಮತ್ತೆ ಮೋಸ ಹೋಗೋಕೆ ದುಡ್ಡಿರಲಿಲ್ಲ. ನಾವು ಮಾಡಿದ್ದು ಸುಲಭದ್ದು, ನೀವೂ ಮಾಡಬಹುದು. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಸೆಕೆಂಡಿಗೆ 240 ಫ್ರೇಮ್. ಖಾಲಿ ಓಡುವಾಗ ಒಂದು ಸೆಕೆಂಡಿಗೆ ಎಷ್ಟು ಬಡಿತ ಅಂತ ಎಣಿಸಿ. ಆಮೇಲೆ ಅದೇ ವೋಲ್ಟೇಜಿನಲ್ಲಿ ಪ್ರ್ಯಾಕ್ಟೀಸ್ ಚರ್ಮದ ಮೇಲೆ ಎಣಿಸಿ. ನಮ್ಮ 2,600ರ ಪೆನ್ನು 55ರಿಂದ 30ಕ್ಕೆ ಕುಸಿದಿತ್ತು. ಇದು 28ರಿಂದ 25ಕ್ಕೆ ಮಾತ್ರ ಇಳಿಯಿತು. ಇನ್ನೂ ಕೆಳಗೆ, 18ರವರೆಗೂ, ಗೊಣಗುತ್ತಾ ಓಡಿತು. ಹದಿನೈದು ಸಿಗಲಿಲ್ಲ. ಕೈಯನ್ನ ಕೊಂಚ ಚುರುಕು ಮಾಡಿಕೊಳ್ತೀನಿ ಅಂದ ಬೆಟ್ಟ. ಆದರೆ ಅದೇ ದಿನ ದುಡ್ಡು ಕೊಡಲಿಲ್ಲ. 'ಒಂದ್ಸಲ ಊರಿಗೆ ಹೋಗ್ಬಂದು ಹೇಳ್ತೀನಿ' ಅಂದ. ಊರಿಗೂ ಮಿಷನ್ನಿಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ 'ನೀವೂ ಬನ್ನಿ' ಅಂದ.

ಹುಣಸೂರಲ್ಲಿ ಬಸ್ಸು ಬದಲಾಯಿಸಿ ಬೆಟ್ಟದಪುರಕ್ಕೆ ಹೋದ್ವಿ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು, ಆ ಸಿಹಿಯಾದ ಘಾಟು ವಾಸನೆ. ಅವನ ಅಜ್ಜಿ ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತು ಅಂತಾರೆ, ಲೆಕ್ಕ ಅವರಿಗೂ ಗೊತ್ತಿಲ್ಲ. 'ಕೂತ್ಕಳ್ರಪ್ಪ' ಅಂದು ಕಾಫಿಗೆ ಸೊಸೆಯನ್ನ ಕೂಗಿದರು. ಕೈ ಚಾಚಿದಾಗ ನೋಡಿದೆವು. ಮಣಿಕಟ್ಟಿನಿಂದ ಮೊಣಕೈವರೆಗೂ ಹಚ್ಚೆ, ಹಸಿರು ಕಟ್ಟಿದ ನೀಲಿ.

ಬೆಟ್ಟನ ಚುಕ್ಕಿಗಳು ಎಲ್ಲಿಂದ ಬಂದವು ಅಂತ ಅಲ್ಲಿಯವರೆಗೆ ನಾವು ಕೇಳಿರಲೇ ಇಲ್ಲ.

ಅಜ್ಜಿಗೆ ಹಚ್ಚೆ ಹುಯ್ದದ್ದು ಒಬ್ಬ ಕೊರವಂಜಿ, ಅಜ್ಜಿಯ ತವರಿನ ಅಂಗಳದಲ್ಲಿ, ಮದುವೆಯಾದ ಮಾರನೇ ವರ್ಷ. ಕೂಲಿ ಒಂದು ಸೇರು ರಾಗಿ, ಒಂದು ಹಳೇ ಸೀರೆ. ಈ ಕಸುಬು ಆ ಹೆಂಗಸರ ಕೈಯಲ್ಲಿ ಬಹಳ ಕಾಲದಿಂದ ಇತ್ತು. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಕೊರವ ಹೆಂಗಸರು ಹಚ್ಚೆ ಚುಚ್ಚುವ ಮಾತಿದೆ. ದೀಪದ ಕಾಡಿಗೆ, ಸೊಪ್ಪಿನ ರಸ, ಆಮೇಲೆ ಅರಿಶಿನ. ಮೂರು ಸೂಜಿ ಸೇರಿಸಿ ದಾರದಲ್ಲಿ ಕಟ್ಟಿಕೊಳ್ಳೋಳಂತೆ. ನಾವು ಮುಖ ಮುಖ ನೋಡಿಕೊಂಡೆವು. ನಾವು ತಂದಿದ್ದ ಕಾರ್ಟ್ರಿಡ್ಜೂ ಮೂರು ಸೂಜಿಯದೇ, ಅಂಗಡಿಯಲ್ಲಿ '3 ಆರ್‌ಎಲ್' ಅಂತಾರೆ.

'ನೋವಾಗ್ಲಿಲ್ವಾ ಅಜ್ಜಿ?'

'ಆಗ್ದೆ ಇರ್ತದಾ? ಆದ್ರೆ ಅವ್ಳು ಚುಚ್ಚೋಳು, ನಿಲ್ಸೋಳು. ನಾನು ಉಸ್ರು ಬಿಡೋಗಂಟ ಕಾಯೋಳು. ಒರ್ಸೋಳು, ಇನ್ನೊಂದ್ ಚುಚ್ಚೋಳು. ಪದ ಹೇಳೋಳು ಮಧ್ಯದಲ್ಲಿ.'

ಬೆಟ್ಟ ಅಜ್ಜಿಯ ಕೈ ತಿರುಗಿಸಿ ತೋರಿಸಿದ. ಮಣಿಕಟ್ಟಿನ ಹತ್ತಿರ ಚುಕ್ಕಿಗಳು ಬಿಡಿಬಿಡಿಯಾಗಿದ್ದವು, ಅರವತ್ತು ವರ್ಷದ ಮೇಲೂ ಎಣಿಸಬಹುದಿತ್ತು. ಒಂದೊಂದೂ ಕೊಂಚ ಹರಡಿ ರಾಗಿಕಾಳಿನಷ್ಟಾಗಿದ್ದವು, ಅಷ್ಟೆ. ಮೇಲಕ್ಕೆ ಹೋದ ಹಾಗೆ ಚುಕ್ಕಿ ಒತ್ತಾಗಿದ್ದ ಕಡೆ ಎಲ್ಲ ಒಂದರೊಳಗೊಂದು ಸೇರಿ ಹಸಿರು ಮೋಡ. ಇದಕ್ಕೆ ಕಾರಣ ನಾವು ಆಮೇಲೆ ಓದಿಕೊಂಡದ್ದು. ಇಂಕು ನಿಲ್ಲೋದು ಮೇಲ್ಚರ್ಮದ ಕೆಳಗಿನ ಡರ್ಮಿಸ್‌ನಲ್ಲಿ, ಅಲ್ಲಿನ ಮ್ಯಾಕ್ರೊಫೇಜ್ ಅನ್ನೋ ಕಣಗಳು ಅದನ್ನ ನುಂಗಿ ಇಟ್ಟುಕೊಂಡಿರುತ್ತವೆ. ಆ ಕಣ ಸತ್ತಾಗ ಇಂಕು ಹೊರಗೆ ಬೀಳುತ್ತೆ, ಪಕ್ಕದ ಹೊಸ ಕಣ ಮತ್ತೆ ನುಂಗುತ್ತೆ. ಫ್ರಾನ್ಸಿನ ಮಾರ್ಸೇಲ್‌ನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ಇದನ್ನ ತೋರಿಸಿದರು. ಈ ಕೈ ಬದಲಾವಣೆಯಲ್ಲೇ ವರ್ಷಾನುಗಟ್ಟಲೆ ಚುಕ್ಕಿ ಅಂಚು ಕಳೆದುಕೊಂಡು ಅಗಲವಾಗುತ್ತೆ ಅಂತ ನಮ್ಮ ಊಹೆ. ಕಾರಣ ಏನೇ ಇರಲಿ, ಕೈ ಮುಂದೆಯೇ ಇತ್ತು. ಇವತ್ತು ಬಿಟ್ಟ ಜಾಗವೇ ನಾಳೆ ಚುಕ್ಕಿ ಹರಡೋಕೆ ಇರುವ ಜಾಗ. ನಾವು 1.3 ಮಿಲಿಮೀಟರ್ ಅಂತ ಕಾಗದದಲ್ಲಿ ಹಾಕಿದ್ದ ಲೆಕ್ಕ ಆ ಕೈಯ ಮೇಲೆ ಅರವತ್ತು ವರ್ಷದಿಂದ ಇತ್ತು. ಶಕ್ತಿ ಬೇಕು ಅನ್ನೋದಕ್ಕೂ ಅರ್ಥ ಅಲ್ಲೇ ಸಿಕ್ಕಿತು: ಒಂದು ಚುಕ್ಕಿ ಒಂದೇ ಏಟಿಗೆ ಒಳಗೆ ಹೋಗಬೇಕು. ಸರಿಯಾಗಿ ಹೋಗಲಿಲ್ಲ ಅಂತ ಅಲ್ಲೇ ಮತ್ತೆರಡು ಬಡಿದರೆ ನಮ್ಮ ಸಿವಿಲ್‌ನವನ ಕಾಲಾಗುತ್ತೆ.

ಆ ಹಸಿರು ಮೋಡದ ಜಾಗದಲ್ಲಿ ಏನಿತ್ತು ಅಂತ ಕೇಳಿದೆವು. ಅಜ್ಜಿ ಸುಮ್ಮನಾದರು, ಅವರೆಕಾಯಿ ಕಡೆ ನೋಡಿದರು. ಬೆಟ್ಟ ಮೆಲ್ಲಗೆ 'ತಾತನ ಹೆಸರು' ಅಂದ. ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ, ಕೈ ಮೇಲೆ ಹುಯ್ಯಿಸಿಕೊಳ್ಳುತ್ತಿದ್ದರು. ತಾತ ತೀರಿಕೊಂಡು ಹನ್ನೆರಡು ವರ್ಷ. ಹೆಸರು ಯಾರೂ ಓದಲಾರದ ಹಾಗೆ ಕರಗಿದೆ. ಹೋಗುವಾಗ ಜೊತೆಗೆ ಬರೋದು ಹಚ್ಚೆ ಒಂದೇ ಅಂತ ನಂಬಿರುವ ಅಜ್ಜಿಗೆ ಅದು ಸಣ್ಣ ವಿಷಯ ಅಲ್ಲ. ಅದನ್ನ ಮತ್ತೆ ಎದ್ದು ಕಾಣೋ ಹಾಗೆ ಹುಯ್ದುಕೊಡು ಅಂತ ಎರಡು ವರ್ಷದಿಂದ ಮೊಮ್ಮಗನಿಗೆ ಹೇಳುತ್ತಿದ್ದರಂತೆ. ನಿಧಾನದ, ಗಟ್ಟಿ ಮಿಷನ್ನೇ ಬೇಕು ಅಂತ ಅವನು ಹಟ ಹಿಡಿದದ್ದು ಸ್ಟುಡಿಯೋ ಕೆಲಸಕ್ಕೆ ಮಾತ್ರ ಆಗಿರಲಿಲ್ಲ.

ನಾವು ಅಜ್ಜಿಯ ಕೈ ಹಿಡಿದು ನೋಡಿದೆವು. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಎತ್ತಿದರೆ ಎತ್ತಿದ ಹಾಗೇ ನಿಲ್ಲೋದು. ಗೂಡಿನಲ್ಲಿ ಮಾತ್ರೆ ಚೀಟಿ ಇತ್ತು: ಹೃದಯಕ್ಕೆ, ಸಕ್ಕರೆಗೆ, ರಕ್ತ ಹೆಪ್ಪುಗಟ್ಟದ ಹಾಗೆ ಇನ್ನೊಂದು. ಎಲ್ಲೋ ತಾಗಿದ್ದಕ್ಕೇ ಮೊಣಕೈ ಹತ್ತಿರ ಅಂಗೈಯಗಲ ಕಪ್ಪಾಗಿತ್ತು. ಟಾರ್ಕ್ ಟಾರ್ಕ್ ಅಂತ ಮೂರು ತಿಂಗಳು ಓಡಾಡಿದ ನಾವು ಆ ಕೈ ಮುಂದೆ ಕೂತು 'ಬೇಡ ಕಣೋ' ಅಂದೆವು. ಬೆಟ್ಟ ಮಾತಾಡಲಿಲ್ಲ. ಅವನಿಗೆ ಅದು ಮೊದಲೇ ಗೊತ್ತಿತ್ತು ಅಂತ ಈಗ ಅನ್ನಿಸುತ್ತೆ. ತನ್ನ ಬಾಯಲ್ಲಿ ಹೇಳಲಾರದೆ ನಮ್ಮನ್ನ ಕರೆದುಕೊಂಡು ಹೋಗಿದ್ದ.

ಅಜ್ಜಿಗೆ ಸಿಟ್ಟು ಬಂತು. 'ಅಷ್ಟೆಲ್ಲಾ ದುಡ್ಡು ಕೊಟ್ಟು ಮಿಷನ್ ತತ್ತೀನಿ ಅಂತೀಯ, ಮುದ್ಕಿ ಕೈಗೆ ನಾಕ್ ಅಕ್ಸರ ಬರಿಯಕ್ಕಾಗಲ್ವಾ?' ಊಟಕ್ಕೆ ಕೂತಾಗಲೂ ಮಾತಿಲ್ಲ. ನಮಗೆ ಮುದ್ದೆ ಇಳಿಯಲಿಲ್ಲ.

ಕೈ ತೊಳೆದು ಬಂದ ಬೆಟ್ಟ ಅಜ್ಜಿ ಪಕ್ಕ ಕೂತು ತನ್ನ ಎಡಗೈ ಚಾಚಿ ಬಾಲ್‌ಪೆನ್ನು ತೆಗೆದ. 'ಇಲ್ಲಿ ಹಾಕ್ಕೊಳ್ತೀನಿ. ನೀನು ಹೇಳು, ಹೆಂಗಿತ್ತು ಅಂತ.' ತಾತನ ಹೆಸರನ್ನ ಚುಕ್ಕಿಯಲ್ಲಿ ಬರೆದ. ಅಜ್ಜಿಗೆ ಓದೋಕೆ ಬರಲ್ಲ. ಹಾಗಾಗಿ ಹೂಂ ಅಂದುಬಿಡುತ್ತಾರೆ ಅಂದುಕೊಂಡಿದ್ದೆವು. ಅಜ್ಜಿ ಹೆಬ್ಬೆರಳಿನಿಂದ ಒಂದೊಂದೇ ಚುಕ್ಕಿ ಸವರುತ್ತಾ ಬಂದರು. 'ಇದು ಇಲ್ಲಲ್ಲ, ಕೆಳಗೆ. ಇಲ್ಲಿ ಚುಚ್ದಾಗ ಕಣ್ಣಲ್ಲಿ ನೀರ್ ಬಂದಿತ್ತು.' ಅವನು ಅಳಿಸಿದ, ಮತ್ತೆ ಬರೆದ. ಕೊನೆಯ ಅಕ್ಷರಕ್ಕೆ ಬಂದಾಗ ತಲೆ ಅಲ್ಲಾಡಿಸಿದರು. 'ಈ ಕೆಳಗಡೇದು ಇರ್ಲಿಲ್ಲ.'

ಕೆಳಗಡೆ ಇದ್ದದ್ದು ಒತ್ತು. 'ಪ್ಪ' ಅಕ್ಷರದ ಒತ್ತು. ಅದಿಲ್ಲದಿದ್ದರೆ ಹೆಸರು ತಪ್ಪಾಗುತ್ತೆ ಅಜ್ಜಿ ಅಂದೆವು, ಕಾಲೇಜಿನ ಕನ್ನಡ ಸಂಘದ ಸದಸ್ಯರಲ್ಲವೆ ನಾವು.

'ತಪ್ಪೇ ಕನಪ್ಪ. ನನ್ ತಮ್ಮ ಇಸ್ಕೂಲಿಗೆ ಹೋಗ್ತಿದ್ದ, ಇದ್ಲಲ್ಲಿ ನೆಲದ ಮೇಲೆ ಬರ್ದ. ಅವ್ಳು ಅದನ್ನೇ ನೋಡ್ಕಂಡು ಹುಯ್ದ್ಲು. ವಾಪಸ್ ಬಂದಾಗ ಇವ್ರು ನೋಡಿ ನಕ್ಕಿದ್ದೇ ನಕ್ಕಿದ್ದು. ಒತ್ತು ಬಿಟ್ಬುಟ್ಟವ್ರೆ, ಇರ್ಲಿ ಬುಡು ಅಂದ್ರು.' ಹೇಳುತ್ತಾ ಅಜ್ಜಿಯೂ ನಕ್ಕರು, ಬೆಳಗ್ಗೆಯಿಂದ ಮೊದಲ ಸಲ. 'ಅದ್ಯಾಕೆ ನೀನು ಹಾಕ್ತೀಯ ಈಗ?'

ಬೆಟ್ಟ ಉಗುರಿನಿಂದ ಒತ್ತು ಕೆರೆದು ಹಾಕಿದ. ಆ ಗೀಚನ್ನ ಫೋಟೋ ತೆಗೆದುಕೊಂಡೆವು.

ಮಾರನೇ ದಿನ ಹನ್ನೊಂದು ಸಾವಿರ ಕೊಟ್ಟು ಮಿಷನ್ ತಂದೆವು. ಕೈಗೆ ಹಾಕಿಕೊಂಡದ್ದು ಅದಾಗಿ ಐದು ತಿಂಗಳಿಗೆ, ಸ್ಟುಡಿಯೋದ ಅಣ್ಣ 'ಈಗ ಹಾಕ್ಕೋ' ಅಂದ ಮೇಲೆ, ಅವರ ಕಣ್ಣೆದುರಿಗೇ. ನಾಲ್ಕು ಮಿಲಿಮೀಟರ್ ಸ್ಟ್ರೋಕ್, ಸೂಜಿ ಒಂದೂವರೆ ಮಿಲಿಮೀಟರಿಗಿಂತ ಆಳಕ್ಕೆ ಹೋಗದ ಹಾಗೆ ಕೈ ಹಿಡಿತ, ವೋಲ್ಟೇಜು ಮಿಷನ್ ಗೊಣಗುವಷ್ಟು ಕೆಳಗೆ. ಒಂದೇ ಕೈಯಲ್ಲಿ ಚರ್ಮ ಎಳೆದು ಹಿಡಿದು ಚುಚ್ಚೋಕೆ ಆಗಲ್ಲ, ಹಾಗಾಗಿ ಚರ್ಮ ಎಳೆದು ಹಿಡಿದವರು ನಾವು, ಸರದಿಯ ಮೇಲೆ. ನಾಲ್ಕು ಅಕ್ಷರಕ್ಕೆ ಎರಡೂವರೆ ಗಂಟೆ. ಒಂದು ಸಾಲು ಚುಕ್ಕಿ ಆದ ಮೇಲೆ ಪೆಡಲ್ ಬಿಟ್ಟು ಉಸಿರು ಬಿಡುತ್ತಿದ್ದ, ಒರೆಸುತ್ತಿದ್ದ, ಮತ್ತೆ ಒತ್ತುತ್ತಿದ್ದ. ಮೊದಮೊದಲು ಯಾಕಿಷ್ಟು ನಿಲ್ಲಿಸ್ತಾನೆ ಅಂತ ಬೇಜಾರಾಗಿತ್ತು.

ಗಾಯ ಆರಿ, ಇಪ್ಪತ್ತು ದಿನ ಬಿಟ್ಟು ಬೆಟ್ಟದಪುರಕ್ಕೆ ಹೋದೆವು. ಅಜ್ಜಿ ಅವನ ಕೈಯನ್ನ ಬಾಗಿಲ ಬೆಳಕಿಗೆ ತಿರುಗಿಸಿ, ಹೆಬ್ಬೆರಳು ಇಟ್ಟು ಮೊದಲಿಂದ ಕೊನೆವರೆಗೂ ಸವರಿದರು. ಕೊನೆಯ ಅಕ್ಷರದ ಕೆಳಗೆ ಏನೂ ಇಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ಬೆರಳು ನಿಲ್ಲಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, 'ನಿಮ್ ಕೈ ಎಲ್ಲಾ ಬೋಳ್‌ಬೋಳು ಯಾಕ್ರಪ್ಪ ಅದೆ?' ಅಂದರು. ಸಿವಿಲ್‌ನವನು ಪ್ಯಾಂಟು ಮಡಚಿ ತನ್ನ ಮಸಿ ತೋರಿಸಿದ.